ಪುಟ್ಟನ ವಿಮಾನದ ಪಟ್ಟಿಗೆ ನನ್ನ ಉತ್ತರ, ಸ್ವಲ್ಪ ಉದ್ದ ಇದೆ

ಪುಟ್ಟಾ, ನಿನ್ನ ಪಟ್ಟಿ ಪೂರ್ತಿ ನೋಡಿದೆ. ಗುಂಪಿನಲ್ಲಿ ಉಳಿದವರಿಗೂ ಅರ್ಥವಾಗಲಿ ಅಂತ ಒಂದು ಸಲ ಓದಿಬಿಡುತ್ತೇನೆ. ರಿಮೋಟಿನಿಂದ ಹಾರಿಸುವ ಮಾಡೆಲ್ ವಿಮಾನ, ಒಂದು ಮೀಟರ್ ರೆಕ್ಕೆಯ, ಇಪಿಪಿ ಅನ್ನುವ ಬಾಗುವ ಫೋಮಿನ ಎಕ್ಸ್‌ಟ್ರಾ 300. ಅದಕ್ಕೆ 1400 ಕೆವಿ ಮೋಟಾರ್, 11x7 ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್), 3 ಸೆಲ್ಲಿನ 2200 ಎಂಎಎಚ್ ಲಿಪೊ ಬ್ಯಾಟರಿ, ಪ್ಲಾಸ್ಟಿಕ್ ಗೇರಿನ 9 ಗ್ರಾಂ ಸರ್ವೋ ನಾಲ್ಕು (ರೆಕ್ಕೆ, ಬಾಲದ ಹಲಗೆಗಳನ್ನು ತಿರುಗಿಸುವ ಪುಟ್ಟ ಮೋಟಾರ್‌ಗಳು). ಹೋವರ್ (ಮೂಗು ಮೇಲೆ ಮಾಡಿ ಗಾಳಿಯಲ್ಲಿ ನಿಲ್ಲಿಸುವುದು) ಮಾಡಬೇಕು, ನೈಫ್ ಎಡ್ಜ್ (ಪಕ್ಕಕ್ಕೆ ಮಲಗಿಸಿ ಹಾರಿಸುವುದು) ಮಾಡಬೇಕು, ಆರ್ಡರ್ ಹಾಕಲಾ ಅಂತ ಕೇಳಿದ್ದೀಯ.

ಈಗಲೇ ಹಾಕಬೇಡ. ಒಂದೊಂದು ಸಾಮಾನನ್ನೂ ಬಿಡಿಯಾಗಿ ನೋಡಿದರೆ ತಪ್ಪಿಲ್ಲ. ಎಲ್ಲವನ್ನೂ ಒಂದೇ ವಿಮಾನಕ್ಕೆ ಜೋಡಿಸಿದರೆ ಮೊದಲ ಫುಲ್ ಥ್ರಾಟಲ್‌ಗೇ ಇಎಸ್‌ಸಿ ಹೊಗೆ ಬಿಡುತ್ತದೆ.

ವಿಮಾನ ಮಾತ್ರ ಸರಿಯಾಗಿಯೇ ಆರಿಸಿದ್ದೀಯ. ರೆಕ್ಕೆ ಮೈಯ ನಡುವಿಗೆ ಬರುತ್ತದೆ, ಮೇಲೆ ಕೆಳಗೆ ಒಂದೇ ಉಬ್ಬು, ತಲೆಕೆಳಗಾಗಿ ಹಾರಿದರೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಅಸಲಿ ಎಕ್ಸ್‌ಟ್ರಾ 300 ಮೊದಲು ಹಾರಿದ್ದು 1988ರಲ್ಲಿ, ಜರ್ಮನಿಯ ವಾಲ್ಟರ್ ಎಕ್ಸ್‌ಟ್ರಾ ಮಾಡಿದ್ದು. ಇಪಿಪಿ ಆದ್ದರಿಂದ ಬಿದ್ದರೂ ಅಂಟು ಹಾಕಿ ಮತ್ತೆ ಹಾರಿಸಬಹುದು. ಇಲ್ಲಿಗೆ ವಿಮಾನದ ಮಾತು ಮುಗಿಯಿತು.

ನೀನು ಶುರು ಮಾಡಿದ್ದು ಮೋಟಾರಿನಿಂದ, ಅಲ್ವಾ? ಎಲ್ಲರೂ ಹಾಗೇ ಮಾಡುತ್ತಾರೆ. ಶುರು ಮಾಡಬೇಕಾದದ್ದು ತೂಕದಿಂದ. ಆಮೇಲೆ ಪ್ರೊಪೆಲ್ಲರ್. ಅದಾದ ಮೇಲೆ ಮೋಟಾರ್ ತಾನಾಗಿಯೇ ಗೊತ್ತಾಗುತ್ತದೆ. ಇಎಸ್‌ಸಿ, ಬ್ಯಾಟರಿ ಅದರ ಹಿಂದೆ ಬರುತ್ತವೆ.

ಈ ಅಳತೆಯ ವಿಮಾನ ಬ್ಯಾಟರಿ ಸಮೇತ 700 ಗ್ರಾಂ ಆಸುಪಾಸು ಇರಬೇಕು ಅಂತ ಗುರಿ ಇಟ್ಟುಕೋ. 900 ಆದರೂ ಹಾರುತ್ತದೆ, ಆದರೆ ನಿಧಾನ ಮಾಡಿದ ಕೂಡಲೇ ಒಂದು ರೆಕ್ಕೆ ಕೆಳಗೆ ವಾಲಿಸಿಕೊಂಡು ಕುಸಿಯುತ್ತದೆ. ಅಣ್ಣ ಮೇಲೆ ಬರೆದಿದ್ದಾನೆ, ದೊಡ್ಡ ಮೋಟಾರ್ ಹಾಕು, ಯಾವಾಗಲೂ ಸೇಫ್ ಅಂತ. ಅದು ಬೇಡ ಅಣ್ಣಾ. ದೊಡ್ಡ ಮೋಟಾರ್ ಅಂದರೆ ದೊಡ್ಡ ಇಎಸ್‌ಸಿ, ಅದಕ್ಕೆ ದೊಡ್ಡ ಬ್ಯಾಟರಿ, ಆ ಭಾರ ಎತ್ತಲು ಇನ್ನೂ ಜಾಸ್ತಿ ಥ್ರಸ್ಟ್, ಅಂದರೆ ಪ್ರೊಪೆಲ್ಲರಿನ ಎಳೆತ. ಇದಕ್ಕೆ ಕೊನೆಯೇ ಇಲ್ಲ.

ಈಗ ಪ್ರೊಪೆಲ್ಲರ್. 11x7 ಅಂದರೆ 11 ಇಂಚು ಅಡ್ಡಳತೆ. 7 ಅಂದರೆ ಜಾರದೆ ತಿರುಗಿದರೆ ಒಂದು ಸುತ್ತಿಗೆ ಮುಂದೆ ಹೋಗಬೇಕಾದ ಇಂಚು, ಅದೇ ಪಿಚ್. ಜಾಸ್ತಿ ಪಿಚ್ ಓಟಕ್ಕೆ ಒಳ್ಳೆಯದು. ನಿನಗೆ ಬೇಕಾದದ್ದು ಓಟ ಅಲ್ಲ. ಮೂಗು ಮೇಲೆ ಮಾಡಿ ನಿಲ್ಲಿಸಬೇಕಾದರೆ ಥ್ರಸ್ಟ್ ವಿಮಾನದ ತೂಕದಷ್ಟು ಇರಲೇಬೇಕು. ನಿಂತಲ್ಲಿಂದ ಮೇಲೆ ಎಳೆದುಕೊಂಡು ಹೋಗಬೇಕಾದರೆ ತೂಕದ ಒಂದೂವರೆ ಪಟ್ಟು ಇದ್ದರೆ ಚೆನ್ನ. ಅದಕ್ಕೆ ಬೇಕಾದದ್ದು ದೊಡ್ಡ ಅಡ್ಡಳತೆ, ಚಿಕ್ಕ ಪಿಚ್. ಆದರೆ 11 ಇಂಚಿಗೆ ಪವರ್ ಜಾಸ್ತಿ ಬೇಕು, ಅದನ್ನು ಮುಂದೆ ಹೇಳುತ್ತೇನೆ. 10x5 ತೆಗೆದುಕೋ.

ವೇಗ ಸಾಕಾಗುತ್ತದಾ ಅಂತ ನೀನು ಕೇಳೇ ಕೇಳುತ್ತೀಯ. ಲೆಕ್ಕ ಸುಲಭ. ಆರ್‌ಪಿಎಂ, ಪಿಚ್, 0.001524 ಈ ಮೂರನ್ನೂ ಗುಣಿಸು, ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 8500 ಆರ್‌ಪಿಎಂಗೆ 5 ಇಂಚಿನ ಪಿಚ್ ಆದರೆ ಸುಮಾರು 65. ಇದು ಲೆಕ್ಕದ ವೇಗ, ಗಾಳಿಯಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಲೂಪ್ ಹೊಡೆಯಲು, ಸ್ವಲ್ಪ ಗಾಳಿ ಇರುವ ದಿನ ಹಾರಿಸಲು ಧಾರಾಳ ಸಾಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಅಳತೆಯ ವಿಮಾನಕ್ಕೆ ತುಂಬಾ ಜನ 10x4.7 ಸ್ಲೋ ಫ್ಲೈಯರ್ (ನಿಧಾನದ ವಿಮಾನಕ್ಕೆ ಮಾಡಿದ ತೆಳು ಎಲೆಯ) ಪ್ರೊಪೆಲ್ಲರ್ ಹಾಕುತ್ತಾರೆ, ಥ್ರಸ್ಟ್ ಚೆನ್ನಾಗಿ ಸಿಗುತ್ತದೆ ಅಂತ. ಪ್ರೊಪೆಲ್ಲರ್ ಮಾಡುವ ಎಪಿಸಿ ಕಂಪನಿಯೇ ತನ್ನ ಸ್ಲೋ ಫ್ಲೈಯರ್‌ಗೆ ಮಿತಿ ಕೊಟ್ಟಿದೆ: 65,000ವನ್ನು ಅಡ್ಡಳತೆಯ ಇಂಚಿನಿಂದ ಭಾಗಿಸಬೇಕು. 10 ಇಂಚಿಗೆ 6500 ಆರ್‌ಪಿಎಂ ಆಯಿತು. ನಾವು ತಿರುಗಿಸುವುದು 8000ಕ್ಕಿಂತ ಮೇಲೆ. ಅಷ್ಟು ತೆಳು ಎಲೆ ಮುರಿದು ಹಾರಿದರೆ ಮುಖಕ್ಕೇ ಬರುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಅಂತ ಬರೆದಿರುವ, ಹಿಂದೆ ಇ ಅಕ್ಷರ ಇರುವ ಗಟ್ಟಿ ಪ್ರೊಪೆಲ್ಲರೇ ಇರಲಿ.

ಈಗ ನಿನ್ನ 1400 ಕೆವಿ ಮೋಟಾರ್. ಕೆವಿ ಅಂದರೆ ಹೊರೆ ಇಲ್ಲದಾಗ ಒಂದು ವೋಲ್ಟಿಗೆ ಎಷ್ಟು ಸುತ್ತು ಅಂತ. 3 ಸೆಲ್ ಅಂದರೆ 11.1 ವೋಲ್ಟ್. ಹಾಗಾದರೆ 15,000ಕ್ಕಿಂತ ಜಾಸ್ತಿ ತಿರುಗಲು ನೋಡುತ್ತದೆ. ಅದರ ಮೂತಿಗೆ 11x7 ಕಟ್ಟುವುದು ಅಂದರೆ ಟಾಪ್ ಗೇರ್ ಹಾಕಿ ಬೆಟ್ಟ ಹತ್ತಲು ಸೈಕಲ್ ತುಳಿದ ಹಾಗೆ. ಮೋಟಾರ್ ಬಿಡುವುದಿಲ್ಲ, ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ, ಕೊನೆಗೆ ಏನಾದರೂ ಒಂದು ಸುಡುತ್ತದೆ. ಅದೇ ಆರ್‌ಪಿಎಂನಲ್ಲಿ 10 ಇಂಚಿನಿಂದ 11 ಇಂಚಿಗೆ ಹೋದರೇ ಪವರ್ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೇಕಾಗುತ್ತದೆ. ಒಂದು ಇಂಚು ತಾನೇ ಅನ್ನಬೇಡ.

1000 ಕೆವಿ ಆಸುಪಾಸಿನ ಔಟ್‌ರನ್ನರ್ (ಹೊರಕವಚವೇ ತಿರುಗುವ ಮೋಟಾರ್) ತೆಗೆದುಕೋ. ಹೊರೆ ಇಲ್ಲದೆ 11,100, ಪ್ರೊಪೆಲ್ಲರ್ ಹಾಕಿದ ಮೇಲೆ ಅದರ ಮುಕ್ಕಾಲು ಭಾಗ, ಅಂದರೆ ಎಂಟು ಸಾವಿರ ಚಿಲ್ಲರೆ. ಕರೆಂಟ್ 20 ಆಂಪಿಯರ್ ಹತ್ತಿರ ಬರಬೇಕು. ಅಲ್ಲಿಗೆ 200 ವ್ಯಾಟ್ ದಾಟುತ್ತದೆ, ಕಿಲೋಗೆ 300 ಲೆಕ್ಕ ಬಿತ್ತು. ಈ ತರಹದ ಹಾರಾಟಕ್ಕೆ ಅಷ್ಟು ಬೇಕು. ನಿನ್ನ 30 ಆಂಪಿಯರ್ ಇಎಸ್‌ಸಿ ಇದಕ್ಕೆ ಸರಿಹೋಗುತ್ತದೆ, ಮೇಲೆ ಒಂದಿಷ್ಟು ಜಾಗವೂ ಉಳಿಯುತ್ತದೆ.

ಲೆಕ್ಕವನ್ನು ನಂಬಿ ಹಾರಿಸಬೇಡ. ವ್ಯಾಟ್ ಮೀಟರ್ ಒಂದು ತೆಗೆದುಕೋ. ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಸಿಕ್ಕಿಸಿ, ವಿಮಾನವನ್ನು ಯಾರಾದರೂ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡು, ಐದಾರು ಸೆಕೆಂಡ್ ಫುಲ್ ಥ್ರಾಟಲ್. ಪ್ರೊಪೆಲ್ಲರ್ ಪಕ್ಕದಲ್ಲೂ ಮುಂದೆಯೂ ಯಾರೂ ನಿಲ್ಲಬಾರದು. 25 ಆಂಪಿಯರ್ ದಾಟಿದರೆ ಪಿಚ್ ಅಥವಾ ಅಡ್ಡಳತೆ ಇಳಿಸು.

ಬ್ಯಾಟರಿ 2200 ಬೇಡ, 1300 ಸಾಕು. ಅರವತ್ತು ಎಪ್ಪತ್ತು ಗ್ರಾಂ ಅಲ್ಲೇ ಉಳಿಯಿತು. ಹಾರುವಾಗ ಸರಾಸರಿ 10 ಆಂಪಿಯರ್ ಅಂತ ಇಟ್ಟುಕೊಂಡು, 80 ಪರ್ಸೆಂಟ್ ಮಾತ್ರ ಬಳಸಿದರೂ ಆರು ನಿಮಿಷ ಬರುತ್ತದೆ. ಕಲಿಯುವಾಗ ಆರು ನಿಮಿಷಕ್ಕೆ ಕೈ ನಡುಗಲು ಶುರುವಾಗಿರುತ್ತದೆ, ಜಾಸ್ತಿ ಏನು ಮಾಡುತ್ತೀಯ. ದೊಡ್ಡದು ಒಂದರ ಬದಲು ಚಿಕ್ಕದು ಎರಡು ಇಟ್ಟುಕೋ. ಸಿ ರೇಟಿಂಗ್ (ಬ್ಯಾಟರಿ ತನ್ನ ಅಳತೆಯ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅನ್ನುವುದು) ಲೆಕ್ಕದಲ್ಲಿ 15 ಸಾಕು, ಆದರೆ ಲೇಬಲ್ ಮೇಲಿನ ಸಂಖ್ಯೆಯನ್ನು ಪೂರ್ತಿ ನಂಬಬಾರದು, 30 ಅಥವಾ ಮೇಲಿನದು ನೋಡು. ಹಾರಿಸದ ದಿನ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡು.

ಈಗ ನಿನ್ನ ಪಟ್ಟಿಯಲ್ಲಿ ನನಗೆ ನಿಜವಾಗಿ ಹೆದರಿಕೆ ತರಿಸಿದ್ದು. ಇಎಸ್‌ಸಿ ಲಿಂಕ್ ತೆರೆದು ನೋಡಿದೆ. ಅದರ ಬಿಇಸಿ ಲೀನಿಯರ್, 2 ಆಂಪಿಯರ್. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್‌ಗೂ ನಾಲ್ಕು ಸರ್ವೋಗಳಿಗೂ 5 ವೋಲ್ಟ್ ಕೊಡುವುದು ಅದೇ. ಲೀನಿಯರ್ ಆದ್ದರಿಂದ ಉಳಿದ 6 ವೋಲ್ಟನ್ನು ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ. 2 ಆಂಪಿಯರ್ ಎಳೆದರೆ 12 ವ್ಯಾಟ್ ಬಿಸಿ, ಬೆರಳು ಇಟ್ಟರೆ ಸುಡುವಷ್ಟು. ನೀನು ಕೈಯಲ್ಲಿ ಹಿಡಿದ ಟ್ರಾನ್ಸ್‌ಮಿಟರಿನ ಎರಡು ಕಡ್ಡಿಗಳನ್ನೂ ಮೂಲೆಗೆ ಎಳೆದಾಗ ನಾಲ್ಕು ಸರ್ವೋಗಳೂ ಒಟ್ಟಿಗೆ ದುಡಿಯುತ್ತವೆ. ಆಗ ವೋಲ್ಟೇಜ್ ಕುಸಿದರೆ ರಿಸೀವರ್ ಒಂದು ಕ್ಷಣ ಆಫ್ ಆಗಿ ಮತ್ತೆ ಶುರುವಾಗುತ್ತದೆ. ನೆಲಕ್ಕೆ ಹತ್ತಿರ ಹೋವರ್ ಮಾಡುವಾಗ ಆ ಒಂದು ಕ್ಷಣ ಸಾಕು. ಬಿದ್ದ ಮೇಲೆ ಎಲ್ಲರೂ ಹೇಳುವುದು ಸಿಗ್ನಲ್ ಹೋಯಿತು ಅಂತ. ಹಾಗಾಗಿ ಅಷ್ಟು ಬಿಸಿಯಾಗದ ಸ್ವಿಚಿಂಗ್ ಬಿಇಸಿ ಇರುವ ಇಎಸ್‌ಸಿಯೇ ಬೇಕು, ಕನಿಷ್ಠ 3 ಆಂಪಿಯರ್. ಅಥವಾ ಬಿಇಸಿ ಬೇರೆಯಾಗಿ ಹಾಕು, ಆಗ ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ಕೆಂಪು ತಂತಿ ಮಾತ್ರ ಬಿಡಿಸಿಡು.

ಸರ್ವೋ. ಮೋಟಾರಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ಏರೋಬ್ಯಾಟಿಕ್ ವಿಮಾನಕ್ಕೆ ಸರ್ವೋದಲ್ಲಿ ಜಿಪುಣತನ ಬೇಡ. ಟಾರ್ಕ್ 1.5 ಕೆಜಿ ಸೆಂಟಿಮೀಟರ್ ಇದ್ದರೆ ಈ ಅಳತೆಗೆ ಸಾಕು. 60 ಡಿಗ್ರಿಗೆ 0.10 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಇರಲಿ. ಇವೆರಡೂ ಲೇಬಲ್ ಮೇಲೆ ಸಿಗುತ್ತವೆ. ಸಿಗದೆ ಇರುವುದು ಇನ್ನೊಂದು ಇದೆ: ಎಷ್ಟು ಸಲ ಬಿಟ್ಟರೂ ಅದೇ ನಡುವಿಗೆ ಬಂದು ನಿಲ್ಲುತ್ತದಾ ಅನ್ನುವುದು. ಸರ್ವೋ ಬಂದ ಮೇಲೆ ಉದ್ದನೆಯ ಆರ್ಮ್ ಸಿಕ್ಕಿಸಿ, ತುದಿಗೆ ಎದುರಾಗಿ ಕಾಗದದ ಮೇಲೆ ಒಂದು ಗೆರೆ ಎಳೆ. ಕಡ್ಡಿಯನ್ನು ಎಡಕ್ಕೆ ಎಳೆದು ಬಿಡು, ಬಲಕ್ಕೆ ಎಳೆದು ಬಿಡು. ಎರಡು ಸಲವೂ ತುದಿ ಅದೇ ಗೆರೆಗೆ ಬರಬೇಕು. ಬರದಿದ್ದರೆ ಅದು ಎಲಿವೇಟರ್‌ಗೆ (ಮೂಗು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ಬೇಡವೇ ಬೇಡ. ಇಲ್ಲದಿದ್ದರೆ ವಿಮಾನ ನೇರ ಹಾರಲಿ ಅಂತ ಇಡೀ ದಿನ ಟ್ರಿಮ್ ಗುಂಡಿ ಒತ್ತುತ್ತಾ ಕೂರಬೇಕಾಗುತ್ತದೆ.

ಎಲಿವೇಟರ್‌ಗೆ, ರಡ್ಡರ್‌ಗೆ (ಮೂಗು ಎಡ ಬಲ ತಿರುಗಿಸುವ ಬಾಲದ ಹಲಗೆ) ಮೆಟಲ್ ಗೇರ್ ಹಾಕು. ಏಲರಾನ್‌ಗೆ (ವಿಮಾನವನ್ನು ಉರುಳಿಸುವ ರೆಕ್ಕೆಯ ಹಲಗೆ) ಎರಡು ಒಂದೇ ಮಾಡೆಲ್ ಆಗಿರಲಿ, ಬೇರೆ ಬೇರೆ ಚಾನೆಲ್‌ಗೆ ಕೊಡು. ಸರ್ವೋದಿಂದ ಹಲಗೆಗೆ ಹೋಗುವ ಪುಶ್‌ರಾಡ್ ಬಾಗುತ್ತದಾ ಅಂತಲೂ ನೋಡು. ಆರ್ಮನ್ನು ಹಿಡಿದುಕೊಂಡು ಎಲಿವೇಟರನ್ನು ಬೆರಳಿನಿಂದ ತಳ್ಳಿದರೆ ಅಲ್ಲಾಡಬಾರದು. ಹಲಗೆ 45 ಡಿಗ್ರಿ ತಿರುಗಬೇಕಾದರೆ ಉದ್ದನೆಯ ಆರ್ಮ್ ಬೇಕೇ ಬೇಕು, ಟ್ರಾನ್ಸ್‌ಮಿಟರ್‌ನಲ್ಲಿ ಪರ್ಸೆಂಟ್ ಏರಿಸಿದರೆ ಅಷ್ಟು ಸಿಗುವುದಿಲ್ಲ. ಮೊದಲ ಹಾರಾಟ ಮಾತ್ರ ಲೋ ರೇಟ್‌ನಲ್ಲೇ (ಹಲಗೆ ಕಡಿಮೆ ತಿರುಗುವ ಹಾಗೆ), 15 ಡಿಗ್ರಿ ಸಾಕು, ಕಡ್ಡಿಯ ನಡುವಿನಲ್ಲಿ ಮೆತ್ತಗಾಗಲು ಎಕ್ಸ್‌ಪೋ ಹಾಕಿಕೋ.

ಟ್ರಾನ್ಸ್‌ಮಿಟರ್ ನಿನ್ನ ಹತ್ತಿರ ಇರುವ ಆರು ಚಾನೆಲ್ಲಿನದೇ ಸಾಕು. ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ಹೋದಾಗ ಏನಾಗಬೇಕು ಅನ್ನುವ ಸೆಟ್ಟಿಂಗ್) ಥ್ರಾಟಲ್ ಸೊನ್ನೆಗೆ ಇಡು, ಒಂದು ಸ್ವಿಚ್‌ಗೆ ಥ್ರಾಟಲ್ ಕಟ್ ಕೊಡು. ಸರ್ವೋ ದಿಕ್ಕು ಸರಿ ಮಾಡುವಷ್ಟು ಹೊತ್ತು ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಇಎಸ್‌ಸಿ ತಂತಿ ಸಾಲದೆ ಬಂದರೆ ಬ್ಯಾಟರಿ ಕಡೆ ಉದ್ದ ಮಾಡಬೇಡ, ಮೋಟಾರ್ ಕಡೆಯ ಮೂರು ತಂತಿ ಉದ್ದ ಮಾಡು. ಬ್ಯಾಟರಿ ಕಡೆ ಉದ್ದವಾದರೆ ಇಎಸ್‌ಸಿಯ ಕೆಪಾಸಿಟರ್‌ಗೆ ಪೆಟ್ಟು.

ಪಟ್ಟಿ ಬದಲಾಯಿಸಿ ಮತ್ತೆ ಇಲ್ಲೇ ಹಾಕು. ಈ ಸಲ ಒಂದೊಂದರ ಎದುರಿಗೂ ತೂಕ ಬರೆ, ಕೂಡಿಸಿ ನೋಡೋಣ. ಇನ್ನೊಂದು, ಆ ಫೋಮ್ ವಿಮಾನದ ಮೂತಿಯಲ್ಲಿ ಮೋಟಾರ್ ಕೂರಿಸುವ ಹಲಗೆಯ ತೂತುಗಳ ಅಳತೆ ಎಷ್ಟು ಅಂತ ಮಾರುವವರನ್ನು ಕೇಳಿ ತಿಳಿಸು, ಅದು ಗೊತ್ತಾಗುವವರೆಗೆ ಮೋಟಾರ್ ಆರ್ಡರ್ ಮಾಡಬೇಡ.