ಕೆಲಸದ ಜೊತೆಗೆ ಜಪಾನೀಸ್: ಲಿಪಿ ಮೊದಲೋ, ಮಾತು ಮೊದಲೋ?

ಶಿಫ್ಟ್_ಎಂಜಿನಿಯರ್:
ನಮಸ್ಕಾರ. ಬಿಡದಿ ಕಡೆ ಕಾರ್ಖಾನೆಯಲ್ಲಿ ಕೆಲಸ, ವಯಸ್ಸು 38. ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ (ಜಪಾನೀಸ್ ಭಾಷೆಯ ಅಂತರರಾಷ್ಟ್ರೀಯ ಪರೀಕ್ಷೆ) ಎನ್5, ಅಂದ್ರೆ ಅದರ ಅತಿ ಸುಲಭ ಮಟ್ಟ, ಬರೀಬೇಕು ಅಂತಿದ್ದೀನಿ. ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತೆ. ಆ್ಯಪ್‌ನಲ್ಲಿ ಪದಗಳ ಗುರುತು ಸಿಗುತ್ತೆ, ಆದ್ರೆ ಸ್ವಂತವಾಗಿ ಒಂದು ವಾಕ್ಯ ಕಟ್ಟೋಕಾಗಲ್ಲ. ಯಾರಾದರೂ ಮಾತಾಡಿದ್ರೆ ಕಿವಿಗೆ ಏನೂ ಹಿಡಿಯಲ್ಲ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಎಲ್ಲಿಂದ ಶುರು ಮಾಡಲಿ?

ತುಂಗಾತೀರ:
ಲಿಪಿ ಮೊದಲು, ಅದೂ ಪೆನ್ನು ಹಿಡಿದು. ಉಚ್ಚಾರಣೆ ಬರೆಯುವ ಲಿಪಿಗಳು ಎರಡು, ಒಟ್ಟಿಗೆ ಕಾನ ಅಂತಾರೆ: ಹಿರಗಾನ 46 ಅಕ್ಷರ, ಕತಕಾನ 46. ದಿನಕ್ಕೆ ಒಂದು ಸಾಲು, ಅಂದರೆ 5 ಅಕ್ಷರ ಬರೆದರೆ ಎರಡನ್ನೂ ಮೂರು ವಾರದಲ್ಲಿ ಮುಗಿಸಬಹುದು. ಸಾಲುಗಳ ಕ್ರಮ ಅ, ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ಬಂದದ್ದು, ಹಾಗಾಗಿ ನಮಗೆ ಸಲೀಸು. ಕತಕಾನದಲ್ಲಿ 'ಶಿ' ಮತ್ತು 'ತ್ಸು', 'ಸೊ' ಮತ್ತು 'ನ್' ಕಣ್ಣಿಗೆ ಒಂದೇ ಥರ ಕಾಣುತ್ತವೆ. ಗೆರೆ ಎಳೆಯುವ ದಿಕ್ಕು ಕೈಗೆ ಕೂತರೆ ಮಾತ್ರ ಗೊಂದಲ ಹೋಗುತ್ತೆ. ಬೆರಳಲ್ಲಿ ಸ್ಕ್ರೀನ್ ಒತ್ತಿದರೆ ಹೋಗಲ್ಲ.

ನೋಟ್ಸನ್ನು ದಯವಿಟ್ಟು ಕನ್ನಡ ಅಕ್ಷರದಲ್ಲಿ ಬರ್ಕೋಬೇಡಿ. ವಾಕ್ಯದ ಕೊನೆಗೆ ಬರುವ ಪದವನ್ನು 'ದೆಸು' ಅಂತ ಬರೆದರೆ ಹಾಗೇ ಓದ್ತೀರಿ, ಕಿವಿಗೆ ಬೀಳೋದು 'ದೆಸ್'. ಏನೂ ಹಿಡಿಯಲ್ಲ ಅಂದ್ರಲ್ಲ, ಅದಕ್ಕೆ ಇದೂ ಒಂದು ಕಾರಣ. ಹ್ರಸ್ವ-ದೀರ್ಘ, ಒತ್ತಕ್ಷರದ ವಿಷಯದಲ್ಲಿ ಚಿಂತೆ ಬೇಡ: 'ಕಿತೆ' ಬೇರೆ, 'ಕಿತ್ತೆ' ಬೇರೆ ಅನ್ನೋದು ಕನ್ನಡದ ಕಿವಿಗೆ ತಾನಾಗೇ ಗೊತ್ತಾಗುತ್ತೆ.

ಅಕ್ಷರಪ್ರಿಯ:
ವಾಕ್ಯ ಕಟ್ಟೋಕಾಗದಿರೋದಕ್ಕೆ ಮುಖ್ಯ ಕಾರಣ ಇಂಗ್ಲಿಷನ್ನು ನಡುವೆ ತರೋದು. ಜಪಾನೀಸ್ ವಾಕ್ಯದ ಅನುಕ್ರಮ ಹೆಚ್ಚುಕಡಿಮೆ ನಮ್ಮದೇ, ಕ್ರಿಯಾಪದ ಕೊನೆಗೆ. ವಿವರಿಸೋಕಷ್ಟೇ ಕನ್ನಡ ಅಕ್ಷರದಲ್ಲಿ ಬರೀತೀನಿ: 'ಕಿನೋ ಕತ್ತ ಹೊನ್' ಅಂದ್ರೆ 'ನಿನ್ನೆ ಕೊಂಡ ಪುಸ್ತಕ', ಪದಕ್ಕೆ ಪದ. 'ತಬೆತೆ ಮಿರು' ಅಂದ್ರೆ 'ತಿಂದು ನೋಡು'ವುದು, 'ತಬೆತೆ ಶಿಮತ್ತ' ಅಂದ್ರೆ 'ತಿಂದುಬಿಟ್ಟೆ'. ಇಂಗ್ಲಿಷ್ ಪುಸ್ತಕ ಇವಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತೆ, ನಮಗೆ ಒಂದು ಸಾಲು ಸಾಕು. 'ಒ' ಅಂದ್ರೆ ಅನ್ನು, 'ಕರ' ಅಂದ್ರೆ ಇಂದ, 'ಮೊ' ಅಂದ್ರೆ ಊ.

ಕನ್ನಡ ಕೈಕೊಡುವ ಜಾಗಗಳೂ ಇವೆ. ನಮ್ಮ 'ಅಲ್ಲಿ'ಗೆ ಜಪಾನೀಸಿನಲ್ಲಿ ಎರಡು ಪ್ರತ್ಯಯ: ತೋಕಿಯೋದಲ್ಲಿ ಇದ್ದಾನೆ ಅನ್ನೋಕೆ 'ನಿ', ತೋಕಿಯೋದಲ್ಲಿ ಕೆಲಸ ಮಾಡ್ತಾನೆ ಅನ್ನೋಕೆ 'ದೆ'. ಕೆಲಸ ನಡೆಯೋ ಜಾಗಕ್ಕೆ 'ದೆ' ಅಂತ ನೆನಪಿಟ್ಕೊಳ್ಳಿ. ವಿಷಯ ಸೂಚಿಸೋ 'ವ', ಕರ್ತೃ ಸೂಚಿಸೋ 'ಗ' ಇವುಗಳ ವ್ಯತ್ಯಾಸ ಬೇಗ ಬಗೆಹರಿಯಲ್ಲ, ಎನ್5 ಮಟ್ಟದಲ್ಲಿ ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಆಂಕಿ (ಮರೆಯೋ ಮುಂಚೆ ಮತ್ತೆ ಕೇಳೋ ಕಾರ್ಡ್ ಆ್ಯಪ್) ಕಾರ್ಡುಗಳಲ್ಲಿ ಮುಂದೆ ಕನ್ನಡ ವಾಕ್ಯ, ಹಿಂದೆ ಜಪಾನೀಸ್ ವಾಕ್ಯ ಇರಲಿ. ಒಂದು ವಾಕ್ಯದಲ್ಲಿ ಒಂದೇ ಹೊಸ ಪದ. ಬಾಯಿಬಿಟ್ಟು ಹೇಳಿದ ಮೇಲೇ ಕಾರ್ಡ್ ತಿರುಗಿಸಿ. ದಿನಕ್ಕೆ 8 ಹೊಸ ಕಾರ್ಡ್ ಮೀರಬೇಡಿ. 20 ಹಾಕಿದ್ರೆ ತಿಂಗಳೊಳಗೆ ದಿನದ ಪುನರಾವರ್ತನೆಯೇ ನೂರು ದಾಟುತ್ತೆ, ಜನ ಬಿಟ್ಟುಬಿಡೋದು ಅಲ್ಲೇ. ನಾಲ್ಕು ದಿನ ತಪ್ಪಿದ್ರೆ ಹೊಸ ಕಾರ್ಡ್ ಸೊನ್ನೆಗೆ ಇಳಿಸಿ, ಹಳೇ ಬಾಕಿ ತೀರಿದ ಮೇಲೆ ಮತ್ತೆ ಏರಿಸಿ.

ರಾತ್ರಿಪಾಳಿ:
ಕಿವಿಗೆ: ಪಠ್ಯ ಜೊತೆಗಿರುವ 30 ಸೆಕೆಂಡಿನ ಸಂಭಾಷಣೆ ಒಂದೇ ಒಂದು ತಗೊಳ್ಳಿ. ಮೊದಲು ಪಠ್ಯ ನೋಡದೆ ಎರಡು ಸಲ ಕೇಳಿ. ಆಮೇಲೆ ನೋಡ್ತಾ ಕೇಳಿ, ಎಲ್ಲಿ ತಪ್ಪಿತು ಅಂತ ಗುರುತು ಹಾಕಿ. ಕೊನೆಗೆ ಧ್ವನಿಯ ಹಿಂದೆಯೇ, ಅರ್ಧ ಸೆಕೆಂಡ್ ತಡವಾಗಿ ನೀವೂ ಹೇಳಿ. ಅದನ್ನೇ ಮೂರು ದಿನ ಮಾಡಿ. ಅರ್ಥವಾಗದ ಅನಿಮೆ ಗಂಟೆಗಟ್ಟಲೆ ಹಾಕಿಟ್ಟರೆ ಈ ಮಟ್ಟದಲ್ಲಿ ಪ್ರಯೋಜನವಿಲ್ಲ.

ನಿಮ್ಮ 45 ನಿಮಿಷ: ಕಾರ್ಡ್ 15, ಹೊಸ ಪಾಠ 15, ಕಿವಿ-ಬಾಯಿ 15. ಕಾರ್ಡು ಬಸ್ಸಲ್ಲಿ ಮೆಲುದನಿಯಲ್ಲಿ ಆಗುತ್ತೆ, ಧ್ವನಿಯ ಹಿಂದೆ ಹೇಳೋದು ಬಸ್ಸಲ್ಲಿ ಆಗಲ್ಲ.

ಎನ್5ಗೆ ಒಟ್ಟು 180 ಅಂಕ, ಪಾಸಾಗೋಕೆ 80. ಜೊತೆಗೆ ಕೇಳುವ ಭಾಗದಲ್ಲಿ 60ಕ್ಕೆ 19, ಭಾಷೆ-ಓದಿನ ಭಾಗದಲ್ಲಿ 120ಕ್ಕೆ 38 ಬರಲೇಬೇಕು, ಒಟ್ಟು ಎಷ್ಟೇ ಇದ್ರೂ. ಮಾತಾಡುವ ಪರೀಕ್ಷೆ ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಮಾತಾಡಬೇಕಿದ್ರೆ ಅದಕ್ಕೆ ವಾರಕ್ಕೊಮ್ಮೆಯಾದ್ರೂ ಎದುರಿಗೆ ಒಬ್ಬರು ಬೇಕು. ಬೆಂಗಳೂರಲ್ಲೇ ಕೇಂದ್ರ ಇದೆ, ಆದ್ರೆ ನೋಂದಣಿ ತಿಂಗಳುಗಳ ಮೊದಲೇ ಮುಗಿಯುತ್ತೆ.

ಶಿಫ್ಟ್_ಎಂಜಿನಿಯರ್:
ತುಂಬಾ ಉಪಕಾರವಾಯ್ತು. ಕಂಜಿ, ಅಂದ್ರೆ ಚೀನೀ ಮೂಲದ ಅಕ್ಷರಗಳು, ಯಾವಾಗ?

ತುಂಗಾತೀರ:
ಕಾನ ಮುಗಿದ ಕೂಡಲೇ, ವಾರಕ್ಕೆ 5. ಎನ್5ಗೆ ಸುಮಾರು 100 ಸಾಕು. ಉಚ್ಚಾರಣೆಗಳ ಪಟ್ಟಿ ಬಾಯಿಪಾಠ ಮಾಡಬೇಡಿ, ಪದದೊಳಗೇ ಕಲೀರಿ. ಭಾನುವಾರ ಅನ್ನೋ 'ನಿಚಿಯೋಬಿ'ಯಲ್ಲಿ ಮೊದಲ ಕಂಜಿ, ಕೊನೇ ಕಂಜಿ ಎರಡೂ ಒಂದೇ. ಮೊದಲು 'ನಿಚಿ', ಕೊನೆಗೆ 'ಬಿ'. ಪದ ಗೊತ್ತಿದ್ದವರು ತಡವರಿಸಲ್ಲ.