ಯೂನಿವರ್ಸಿಟಿಯಲ್ಲಿ ಕ್ಯಾಟಲಾನ್ ಓದಿದವರು ಇದ್ದೀರಾ?

ಸ್ಪ್ಯಾನಿಷ್ ಬಿ1 (ಮಧ್ಯಮ ಮಟ್ಟ) ತನಕ ಕಲಿತಿದ್ದೇನೆ. ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾಗೆ ಓದಲು ಹೋಗುತ್ತಿದ್ದೇನೆ. ಅಲ್ಲಿನ ಪ್ರಾದೇಶಿಕ ಭಾಷೆಯಾದ ಕ್ಯಾಟಲಾನ್, ಅದರ ಸಂಸ್ಕೃತಿಯ ಪೇಪರ್‌ಗಳನ್ನೂ ತೆಗೆದುಕೊಳ್ಳುವ ಆಸೆ. ಸ್ಪ್ಯಾನಿಷ್ ಇದ್ದರೆ ಸಾಕು, ಸುಮ್ನೆ ತಲೆನೋವು ಯಾಕೆ ಅನ್ನುತ್ತಾರೆ ಎಲ್ಲರೂ. ಓದಿದವರು ದಯವಿಟ್ಟು ಹೇಳಿ.

– ಖಂಡಿತ ತೆಗೆದುಕೊಳ್ಳಿ. ನಾನು ಅಲ್ಲಿ ಎರಡು ವರ್ಷ ಓದಿದೆ. ಸ್ಪ್ಯಾನಿಷ್ ಬಂದರೆ ಓದುವುದು ಬೇಗ ಹತ್ತುತ್ತದೆ, ಆದರೆ ಅದೇ ಕಾಲಿಗೂ ತೊಡರುತ್ತದೆ. ಸ್ಪ್ಯಾನಿಷಿನಲ್ಲಿ 'ಬೊಯ್ ಆ ಕಂತಾರ್' ಅಂದರೆ ಇನ್ನು ಹಾಡುತ್ತೇನೆ ಅಂತ. ಕ್ಯಾಟಲಾನಿನಲ್ಲಿ ಅದೇ 'ಹೋಗು' ಅನ್ನುವ ಕ್ರಿಯಾಪದ ಸೇರಿಸಿ 'ಬಾಚ್ ಕಂತಾ' ಅಂದರೆ ಹಾಡಿದೆ, ಆಗಿಹೋದ ಮಾತು! ಮೊದಲ ತಿಂಗಳು ಇದೊಂದನ್ನೇ ದಿನಾ ಗಟ್ಟಿಯಾಗಿ ಹೇಳಿಕೊಳ್ಳಿ. ನಮಗೆ ಸುಲಭವಾದದ್ದೂ ಇದೆ. ಅವರ ಒತ್ತಿನ 'ಲ್ಲ' ಹೇಳಲು ಬೇರೆಯವರು ಕಷ್ಟಪಡುತ್ತಾರೆ, ನಾವು 'ಇಲ್ಲ', 'ಬೆಲ್ಲ' ಅಂತ ಹುಟ್ಟಿದಾಗಿನಿಂದ ಹೇಳುತ್ತಿದ್ದೇವಲ್ಲ.

– ತಲೆನೋವು ಅನ್ನುವವರಿಗೆ ನನ್ನ ಉತ್ತರ ಇದು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಬೆಳಗಿನಿಂದ ರಾತ್ರಿ ತನಕ ಮಾತಾಡುತ್ತಿದ್ದದ್ದು ಕ್ಯಾಟಲಾನ್. ಆದರೆ ಫ್ರಿಜ್ ಮೇಲೆ ಅಂಟಿಸುತ್ತಿದ್ದ ಸಾಮಾನಿನ ಚೀಟಿ ಮಾತ್ರ ಸ್ಪ್ಯಾನಿಷಿನಲ್ಲಿ. ಯಾಕೆ ಅಂತ ಕೇಳಿದೆ. 'ನಮಗೆ ಬರೆಯೋದು ಯಾರು ಕಲಿಸಿದರು?' ಅಂದರು. 1939ರಿಂದ 1975ರ ತನಕ, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ, ಶಾಲೆ ಕಚೇರಿಗಳಿಂದ ಆ ಭಾಷೆಯನ್ನು ಹೊರಗಿಟ್ಟಿದ್ದರು. 1983ರ ಕಾನೂನು ಬಂದ ಮೇಲೆ ಶಾಲೆಗಳಲ್ಲಿ ಅದು ಗಟ್ಟಿಯಾಗಿ ಬೇರೂರಿತು. ಇದನ್ನು ಕ್ಲಾಸಿನಲ್ಲಿ ಓದಿದ್ದೆ, ಅರ್ಥವಾಗಿದ್ದು ಆ ಚೀಟಿ ನೋಡಿದಾಗ.

ಇನ್ನೊಂದು ವಿಷಯ. ನಿಮ್ಮ ಮುಖ ನೋಡಿದ ಕೂಡಲೇ ಜನ ಸ್ಪ್ಯಾನಿಷಿಗೆ ತಿರುಗುತ್ತಾರೆ, ಪಾಪ, ನಿಮಗೆ ಅನುಕೂಲ ಆಗಲಿ ಅಂತಲೇ. ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಬಂದವರ ಹತ್ತಿರ ನಾವು ಮಾಡುವುದೂ ಅದನ್ನೇ ಅಲ್ವಾ? ನೀವು ಮಾತ್ರ ತಿರುಗಬೇಡಿ. ಕಲಿಯುತ್ತಿದ್ದೇನೆ, ಕ್ಯಾಟಲಾನಿನಲ್ಲೇ ಮಾತಾಡಿ ಅಂತ ಹೇಳಿ. ನಾನು ಬ್ರೆಡ್ ಅಂಗಡಿಯಲ್ಲಿ ಹೇಳಿದ ದಿನದಿಂದ ಅಲ್ಲಿನ ಹೆಂಗಸು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು.

– ಹೋಗುವ ಮೊದಲೇ 'ಪಾರ್ಲಾ.ಕ್ಯಾಟ್' ಅನ್ನುವ ಆನ್‌ಲೈನ್ ಕ್ಯಾಟಲಾನ್ ಕೋರ್ಸ್ ಶುರು ಮಾಡಿ, ಒಬ್ಬರೇ ಕಲಿಯುವುದಾದರೆ ದುಡ್ಡು ಕೊಡಬೇಕಿಲ್ಲ. ಅಲ್ಲಿಗೆ ಹೋದ ಮೇಲೆ 'ಭಾಷಾ ಜೋಡಿ' ಯೋಜನೆಗೆ ಹೆಸರು ಕೊಡಿ. ಊರಿನವರೊಬ್ಬರು ವಾರಕ್ಕೊಂದು ಗಂಟೆಯಂತೆ ಒಟ್ಟು 10 ಗಂಟೆ ನಿಮ್ಮ ಜೊತೆ ಹರಟುತ್ತಾರೆ. ಸಂಸ್ಕೃತಿ ಪೇಪರಿಗೆ ಪುಸ್ತಕ ಮಾತ್ರ ಸಾಲದು, ಕಾಸ್ತೆಲ್ ತಂಡ ಸೇರಿ. ಕಾಸ್ತೆಲ್ ಅಂದರೆ ಮನುಷ್ಯರ ಮೇಲೆ ಮನುಷ್ಯರು ನಿಂತು ಕಟ್ಟುವ ಗೋಪುರ, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ವಿದ್ಯಾರ್ಥಿಗಳದ್ದೇ ತಂಡಗಳಿವೆ.

– ಎಲ್ಲರಿಗೂ ಥ್ಯಾಂಕ್ಸ್! ಗೋಪುರದ ತಂಡಕ್ಕೆ ಭಾಷೆ ಚೆನ್ನಾಗಿ ಬರಲೇಬೇಕಾ?

– ಬೇಡ. ಹೊಸಬರನ್ನು ಬುಡದ ಗುಂಪಿನಲ್ಲಿ, 'ಪಿನ್ಯಾ' ಅನ್ನುತ್ತಾರೆ, ನಿಲ್ಲಿಸುತ್ತಾರೆ. ಮುಂದಿನವರ ಬೆನ್ನಿಗೆ ಎದೆ ಒತ್ತಿ, ಕೈ ಚಾಚಿ ನಿಲ್ಲಬೇಕು. ಮೇಲೆ ಎಷ್ಟು ಹಂತ ಏರಿದೆ ಅಂತ ತಲೆ ಎತ್ತಿ ನೋಡಬೇಡಿ, ಕುತ್ತಿಗೆಗೆ ಪೆಟ್ಟಾಗುತ್ತದೆ. ತಂಡದವರ ಕೂಗು ಕೇಳಿಸಿಕೊಂಡೇ ತಿಳಿಯಬೇಕು.