ಬೆಡಗು: ಚೆಲುವೋ, ಒಗಟೋ, ಕುಲವೋ?

ಎಲ್ಲರಿಗೂ ಶರಣು. ಕೊಪ್ಪಳದಿಂದ ಒಂದು ಪದದ ತಕರಾರು ತಂದಿದ್ದೇನೆ.

ಮೊನ್ನೆ ಅಣ್ಣನ ಮಗಳು ಪರೀಕ್ಷೆಗೆ ಓದುತ್ತಾ ಕೂತಿದ್ದಳು. 'ಬೆಡಗಿನ ವಚನ ಎಂದರೇನು' ಅಂತ ಜೋರಾಗಿ ಓದಿದ್ದೇ ತಡ, ಪಕ್ಕದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಕೈ ನಿಲ್ಲಿಸಿ, "ಯಾರವ್ವ ಬೆಡಗು ಕೇಳಾಕ ಬಂದೋರು? ಇನ್ನಾ ಓದೋ ಹುಡುಗಿ ಐತಿ" ಅಂದಳು. ಅವ್ವನ ತಪ್ಪಲ್ಲ ಬಿಡಿ. ನಮ್ಮ ಕಡೆ ಹೆಣ್ಣು-ಗಂಡಿನ ಮಾತು ಶುರುವಾಗೋದೇ 'ನಿಮ್ಮ ಬೆಡಗು ಯಾವುದು' ಅನ್ನೋದರಿಂದ. ಬೆಡಗು ಅಂದ್ರೆ ಇಲ್ಲಿ ಕುಲ, ಕುರುಬರಲ್ಲಿ, ನಾಯಕರಲ್ಲಿ, ಇನ್ನೂ ಹಲವರಲ್ಲಿ ಇದೆ. ಗಿಡದ್ದೋ ಪ್ರಾಣಿಯದ್ದೋ ಅಡುಗೆಮನೆ ಸಾಮಾನಿನದೋ ಹೆಸರು ಇರುತ್ತದೆ. ಎರಡೂ ಕಡೆ ಒಂದೇ ಬೆಡಗು ಬಂದರೆ ಅಣ್ಣ-ತಂಗಿ ಲೆಕ್ಕ, ಚಹಾ ಕುಡಿದು ಎದ್ದು ಬರೋದೇ.

ಹುಡುಗಿಗೆ ಗೊತ್ತಿದ್ದದ್ದು ಬೇರೆ ಅರ್ಥ. ಬೆಡಗು ಅಂದ್ರೆ ಚೆಲುವು, ಒಯ್ಯಾರ. ಹಾಗಾಗಿ 'ಚೆಂದದ ವಚನ' ಅಂತ ಬರೆದಿಟ್ಟಿದ್ದಳು. ಗೈಡಿನಲ್ಲಿ ನೋಡಿದರೆ 'ಒಗಟಿನಂಥ ವಚನ' ಅಂತ ಒಂದೇ ಸಾಲು.

ನನಗೆ ಈ ಒಂದು ಸಾಲೇ ತಕರಾರು. ಒಗಟಿಗೆ ಒಂದು ಉತ್ತರ ಇರುತ್ತದೆ, ಬಿಡಿಸಿದರೆ ಅದರ ಕೆಲಸ ಮುಗಿಯಿತು. ಅಲ್ಲಮನ ವಚನದಲ್ಲಿ ಊರ ನಡುವಿನ ಕಾಡಿನಲ್ಲಿ ಐದು ಹೆಣ ಬಿದ್ದಿವೆ, ಬಳಗ ದೊಡ್ಡದು, ಬಂದು ಬಂದು ಅಳುತ್ತಾರೆ, ಹೆಣ ಮಾತ್ರ ಬೇಯೋದಿಲ್ಲ. ಐದು ಅಂದ್ರೆ ಐದು ಇಂದ್ರಿಯ ಅಂತ ಮೇಷ್ಟ್ರು ಹೇಳಿಕೊಡುತ್ತಾರೆ, ಸರಿ. ಆದರೆ ಅಷ್ಟು ಗೊತ್ತಾದ ಮೇಲೂ ಆ ಬೇಯದ ಹೆಣ ತಲೆಯಿಂದ ಹೋಗುತ್ತದಾ? ಶರೀಫರ 'ಕೋಡಗನ್ನ ಕೋಳಿ ನುಂಗಿತ್ತ' ಕೂಡ ಹಾಗೇ. ಭಜನೆಯಲ್ಲಿ ನೂರು ಸಲ ಕೇಳಿರುತ್ತೇವೆ, ಕೊನೆಗೆ ಗುರುವಿನ ಪಾದ 'ನನ್ನನೇ ನುಂಗಿತ್ತ' ಅಂದಾಗಲೇ ಅಲ್ವಾ ಹಿಂದಿನ ನುಂಗಾಟಕ್ಕೆಲ್ಲ ದಿಕ್ಕು ಸಿಗೋದು.

ಕೊನೆಗೆ ಹುಡುಗಿಗೆ ರೂಪಕದ ಪಕ್ಕ ಇಟ್ಟು ತೋರಿಸಿದೆ. ಬಸವಣ್ಣ 'ಎನ್ನ ಕಾಲೇ ಕಂಬ, ದೇಹವೇ ದೇಗುಲ' ಅಂತಾನೆ. ಕಾಲೂ ಇದೆ ಕಂಬವೂ ಇದೆ, ಎರಡೂ ಕಣ್ಣ ಮುಂದೆ. ಅದು ರೂಪಕ. ಈಗ ಕಾಲು, ದೇಹ ಎರಡನ್ನೂ ಮುಚ್ಚಿಟ್ಟು, ಬರೀ ಕಂಬ ನಡೆಯಿತು, ದೇಗುಲ ಹಸಿಯಿತು ಅಂತ ಹೇಳಿ ನೋಡು, ಬೆಡಗಿನ ಹತ್ತಿರ ಬಂದೆ ಅಂದೆ. (ಈ ಕಂಬ ನಡೆದದ್ದು ನನ್ನ ಸ್ವಂತದ್ದು, ಬಸವಣ್ಣನ ತಲೆಗೆ ಕಟ್ಟಬೇಡಿ.) ಅವಳಿಗೆ ಅರ್ಥವಾಯಿತು. ಅವ್ವ ಮಾತ್ರ "ದೇಗುಲಕ್ಕ ಹಸಿವಾದ್ರ ಪೂಜಾರಿ ಉಣ್ತಾನ" ಅಂದು ಮತ್ತೆ ಮೊರ ಎತ್ತಿಕೊಂಡಳು.

ಈಗ ನನ್ನ ಪ್ರಶ್ನೆ. ಚೆಲುವಿನ ಬೆಡಗು, ವಚನದ ಬೆಡಗು, ಕುಲದ ಬೆಡಗು ಮೂರೂ ಒಂದೇ ಬೇರಿನವಾ, ಇಲ್ಲಾ ಸುಮ್ನೆ ಉಚ್ಚಾರ ಕೂಡಿಬಂದಿದೆಯಾ? ಕುಲಕ್ಕೆ 'ಬಳಿ' ಅನ್ನುವ ಕಡೆಯವರು ಬೆಡಗು ಅಂದರೆ ಏನು ತಿಳಿಯುತ್ತೀರಿ? ರಾಯಚೂರು, ಬಳ್ಳಾರಿ ಕಡೆ ತತ್ವಪದ ಹಾಡುವವರು ಪುಸ್ತಕದ ಮಾತಾಗಿ ಅಲ್ಲದೆ ತಮ್ಮ ಬಾಯಲ್ಲೇ 'ಇದು ಬೆಡಗಿನ ಪದ' ಅನ್ನೋದನ್ನು ಯಾರಾದರೂ ಕೇಳಿದ್ದರೆ, ಯಾವ ಪದಕ್ಕೆ ಅಂದರು ಅನ್ನೋದನ್ನೂ ಸೇರಿಸಿ ಬರೆಯಿರಿ.